ಮನೆಯ ಎರಡು ಕಂಪ್ಯೂಟರಿನಿಂದ ಬೇಡದ ಎಐ ತೆಗೆದ ಲೆಕ್ಕ

ಯಂತ್ರ ಎರಡು. ಒಂದು ಅಪ್ಪನ ಡೆಸ್ಕ್‌ಟಾಪ್. ಕೋರ್ ಐ3, 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11 ಹೋಮ್. ಹನುಮಂತನಗರದ ಮನೆಯ ಹಾಲ್‌ನಲ್ಲಿ ಟಿವಿ ಪಕ್ಕ ಇದೆ. ಇನ್ನೊಂದು ತಂಗಿಯ ಹೊಸ ಲ್ಯಾಪ್‌ಟಾಪ್. 16 ಜಿಬಿ ಮೆಮೊರಿ, 512 ಜಿಬಿ ಡಿಸ್ಕ್, ಮೇಲೆ 'ಕೋಪೈಲಟ್ ಪ್ಲಸ್' ಸ್ಟಿಕ್ಕರ್ (ಕೋಪೈಲಟ್ ಅಂದರೆ ಮೈಕ್ರೋಸಾಫ್ಟ್‌ನ ಎಐ ಸಹಾಯಕ). ಅಪ್ಪನಿಗೆ ಕಂಪ್ಯೂಟರಿನಲ್ಲಿ ನಾಲ್ಕೇ ಕೆಲಸ: ವರ್ಡ್‌ನಲ್ಲಿ ಕನ್ನಡ ಪತ್ರ, ಮೇಲ್, ಕ್ರಿಕೆಟ್ ಸ್ಕೋರು, ಯೂಟ್ಯೂಬ್‌ನಲ್ಲಿ ಹಳೆ ಸಂಗೀತ ಕಚೇರಿಗಳು. ತಂಗಿ ಸಿಎ ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಳೆ, ಇಡೀ ದಿನ ಎಕ್ಸೆಲ್. ಇಬ್ಬರಿಗೂ ಎಐ ಮೇಲೆ ದ್ವೇಷವೇನೂ ಇಲ್ಲ. ಬೇಕಾದಾಗ ತಾವೇ ಹೋಗಿ ಕೇಳುತ್ತಾರೆ. ಕರೆಯದೆ ಬರೋದು ಬೇಡ, ಅಷ್ಟೇ.

ಎಸ್‌ಪಿ ರೋಡ್‌ನ ಒಂದು ಅಂಗಡಿಯಲ್ಲಿ ವಿಚಾರಿಸಿದೆ. 'ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕ್ಕೊಡ್ತೀವಿ ಸಾರ್, 800 ಕೊಡಿ' ಅಂದರು. ಹೊಸದಾಗಿ ಹಾಕಿದರೆ ಕೋಪೈಲಟ್ ಕೂಡ ಹೊಸದಾಗಿಯೇ ಬರುತ್ತೆ ಅಲ್ವಾ ಅಂತ ಕೇಳಿದ್ದಕ್ಕೆ ಅವರು ಮುಂದಿನ ಗಿರಾಕಿ ಕಡೆ ತಿರುಗಿದರು. ಬ್ಯಾಕಪ್‌ಗೆ ಇರಲಿ ಅಂತ 64 ಜಿಬಿ ಪೆನ್‌ಡ್ರೈವ್ ತಗೊಂಡೆ, 480 ರೂಪಾಯಿ. ಈ ಕೆಲಸಕ್ಕೆ ಆದ ಖರ್ಚು ಅದೊಂದೇ.

ಹಂತ 0: ಪಟ್ಟಿ, ಬ್ಯಾಕಪ್, ಅಳತೆ

ಮೊದಲು ಒಂದು ಹಾಳೆ ತಗೊಂಡು ನಾಲ್ಕು ಕಾಲಂ ಹಾಕಿದೆ. ವಿಂಡೋಸ್ ಒಳಗಿನದು, ಆ್ಯಪ್ ಒಳಗಿನದು, ಬ್ರೌಸರ್ ಒಳಗಿನದು, ಅಕೌಂಟ್ ಒಳಗಿನದು. ಎಲ್ಲವನ್ನೂ ಆಫ್ ಮಾಡುವ ಒಂದೇ ಸ್ವಿಚ್ ಎಲ್ಲೂ ಇಲ್ಲ. ಯಾವುದು ಎಲ್ಲಿ ಕೂತಿದೆ ಅಂತ ಗೊತ್ತಾದರೆ ಅದರ ಸ್ವಿಚ್ ಹುಡುಕೋದು ಸುಲಭ. ಅಕೌಂಟ್ ಒಳಗಿನದನ್ನು ಒಂದು ಕಡೆ ಆಫ್ ಮಾಡಿದರೆ ಫೋನಿನಲ್ಲೂ ಆಫ್ ಆಗುತ್ತೆ. ಆ್ಯಪ್ ಒಳಗಿನದನ್ನು ಮಾತ್ರ ಪ್ರತಿ ಕಂಪ್ಯೂಟರಿನಲ್ಲೂ ಬೇರೆ ಬೇರೆಯಾಗಿ ಮಾಡಬೇಕು. ಈ ಹಾಳೆ ಮಾಡಿಕೊಳ್ಳದೆ ಶುರು ಮಾಡಿದರೆ ಅರ್ಧ ದಿನ ಸುಮ್ನೆ ಸೆಟ್ಟಿಂಗ್ಸ್ ಒಳಗೆ ಸುತ್ತುತ್ತೀರಿ.

ಆಮೇಲೆ ರಿಸ್ಟೋರ್ ಪಾಯಿಂಟ್. ಸ್ಟಾರ್ಟ್‌ನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಅಂತ ಹುಡುಕಿ ತೆರೆದರೆ ಅಪ್ಪನ ಯಂತ್ರದಲ್ಲಿ ಸಿ ಡ್ರೈವ್ ಮುಂದೆ ಪ್ರೊಟೆಕ್ಷನ್ 'ಆಫ್' ಅಂತಲೇ ಇತ್ತು. ಅಂದರೆ ಇಷ್ಟು ದಿನ ಏನಾದರೂ ಕೈಕೊಟ್ಟಿದ್ದರೆ ಹಿಂದೆ ಹೋಗಲು ದಾರಿಯೇ ಇರಲಿಲ್ಲ. ಕಾನ್ಫಿಗರ್ ಒತ್ತಿ ಆನ್ ಮಾಡಿದೆ, ಡಿಸ್ಕ್‌ನ 5% ಜಾಗ ಕೊಟ್ಟೆ, ಒಂದು ಪಾಯಿಂಟ್ ಮಾಡಿದೆ. ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ ರಿಜಿಸ್ಟ್ರಿ. ರಿಜಿಸ್ಟ್ರಿ ಎಡಿಟರ್‌ನಲ್ಲಿ ಫೈಲ್ > ಎಕ್ಸ್‌ಪೋರ್ಟ್ ಕೊಟ್ಟು ಆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿದೆ. ಅಪ್ಪನ ಪತ್ರಗಳ ಫೋಲ್ಡರ್ ಕೂಡ.

ಅಳತೆ: ರೀಸ್ಟಾರ್ಟ್ ಮಾಡಿ ಹತ್ತು ನಿಮಿಷ ಏನೂ ಮುಟ್ಟದೆ ಬಿಟ್ಟು ಟಾಸ್ಕ್ ಮ್ಯಾನೇಜರ್ ನೋಡಿದಾಗ 7.8 ಜಿಬಿಯಲ್ಲಿ 5.2 ಜಿಬಿ ಬಳಕೆಯಲ್ಲಿತ್ತು.

ಹಂತ 1: ಒಂದೇ ಕ್ಲಿಕ್ಕಿನ ಸ್ಕ್ರಿಪ್ಟ್. ಕೆಟ್ಟಿತು

ಒಂದು ವಿಡಿಯೋದಲ್ಲಿ ಒಂದು ಸಾಲಿನ ಕಮಾಂಡ್ ತೋರಿಸಿದ್ದರು. ಕಮಾಂಡ್ ಬರೆದು ಓಡಿಸುವ ಪವರ್‌ಶೆಲ್‌ನಲ್ಲಿ ಅಂಟಿಸಿ ಎಂಟರ್ ಒತ್ತಿದರೆ ವಿಂಡೋಸ್‌ನ ಬೇಡದ ಸಾಮಾನೆಲ್ಲ ಹೋಗುತ್ತೆ ಅಂತ. ಅದು ಏನೇನು ಮಾಡುತ್ತೆ ಅಂತ ಓದದೆ ಓಡಿಸಿದೆ. ಕೋಪೈಲಟ್ ಹೋಯಿತು, ನಿಜ. ಜೊತೆಗೆ ಮೈಕ್ರೋಸಾಫ್ಟ್ ಸ್ಟೋರ್ ಹೋಯಿತು, ಸ್ನಿಪ್ಪಿಂಗ್ ಟೂಲ್ ಹೋಯಿತು. ಸ್ಟಾರ್ಟ್‌ನಲ್ಲಿ ಏನೇ ಟೈಪ್ ಮಾಡಿದರೂ ಬಿಳಿ ಪೆಟ್ಟಿಗೆ ಬಂದು ಹಾಗೇ ನಿಲ್ಲುತ್ತಿತ್ತು.

ರಿಸ್ಟೋರ್ ಪಾಯಿಂಟ್‌ಗೆ ಹಿಂದೆ ಹೋದೆ. ಸರ್ಚ್ ವಾಪಸ್ ಬಂತು, ಸ್ಟೋರ್ ಬರಲಿಲ್ಲ. ಸಿಸ್ಟಂ ರಿಸ್ಟೋರ್ ಸೆಟ್ಟಿಂಗ್‌ಗಳನ್ನು ವಾಪಸ್ ತರುತ್ತೆ, ಆದರೆ ಸ್ಟೋರ್ ಮೂಲದ ಆ್ಯಪ್‌ಗಳ ವಿಷಯದಲ್ಲಿ ಅದನ್ನು ನಂಬಿಕೊಳ್ಳುವ ಹಾಗಿಲ್ಲ. ಕೊನೆಗೆ ಕೆಲಸ ಮಾಡಿದ್ದು ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಡಬ್ಲ್ಯೂಎಸ್‌ರೀಸೆಟ್' ಬರೆದು, ಒಂದು ಸ್ಪೇಸ್ ಬಿಟ್ಟು, ಹೈಫನ್ ಮತ್ತು 'ಐ' ಅಕ್ಷರ ಹಾಕಿ ಎಂಟರ್ ಒತ್ತಿದ್ದು (ಇಂಗ್ಲಿಷ್ ಅಕ್ಷರಗಳಲ್ಲಿ, ಮುಂದೆ ಬರುವ ರಿಜಿಸ್ಟ್ರಿ ಹೆಸರುಗಳೆಲ್ಲ ಹಾಗೇ). ಒತ್ತಿದ ಮೇಲೆ ಸ್ವಲ್ಪ ಹೊತ್ತು ಪರದೆ ಮೇಲೆ ಏನೂ ಆಗೋದಿಲ್ಲ. ಗಾಬರಿಯಾಗಿ ಮತ್ತೆ ಮತ್ತೆ ಒತ್ತಬೇಡಿ, ಹಿಂದೆ ಸ್ಟೋರ್ ಇನ್‌ಸ್ಟಾಲ್ ಆಗುತ್ತಿರುತ್ತೆ. ಸ್ಟೋರ್ ಬಂದ ಮೇಲೆ ಅಲ್ಲಿಂದ ಸ್ನಿಪ್ಪಿಂಗ್ ಟೂಲ್ ಹಾಕಿಕೊಂಡೆ. ಅಷ್ಟರಲ್ಲಿ ಕೋಪೈಲಟ್ ಕೂಡ ವಾಪಸ್ ಬಂದು ಟಾಸ್ಕ್‌ಬಾರ್‌ನಲ್ಲಿ ಕೂತಿತ್ತು. ಮತ್ತೆ ಮೊದಲಿಂದ.

ಹಂತ 2: ಕೋಪೈಲಟ್ ಆ್ಯಪ್

ಇದೇ ಎಲ್ಲಕ್ಕಿಂತ ಸುಲಭ. ಸೆಟ್ಟಿಂಗ್ಸ್ > ಆ್ಯಪ್ಸ್ > ಇನ್‌ಸ್ಟಾಲ್ಡ್ ಆ್ಯಪ್ಸ್, ಕೋಪೈಲಟ್ ಪಕ್ಕದ ಮೂರು ಚುಕ್ಕಿ, ಅನ್‌ಇನ್‌ಸ್ಟಾಲ್. ಮುಗೀತು. ಸ್ಕ್ರಿಪ್ಟ್ ಬೇಕಾಗಿಯೇ ಇರಲಿಲ್ಲ.

ಪಟ್ಟಿಯಲ್ಲಿ 'ಮೈಕ್ರೋಸಾಫ್ಟ್ 365 ಕೋಪೈಲಟ್' ಅಂತ ಇನ್ನೊಂದು ಇರುತ್ತೆ. ಅದು ಬೇರೆ. ಹಿಂದೆ 'ಆಫೀಸ್' ಅಂತ ಇದ್ದ ಆ್ಯಪ್‌ಗೆ 2025ರ ಜನವರಿಯಲ್ಲಿ ಹೊಸ ಹೆಸರಿಟ್ಟಿದ್ದಾರೆ. ಅದನ್ನು ತೆಗೆದರೆ ವರ್ಡ್, ಎಕ್ಸೆಲ್ ಹೋಗಿಬಿಡುತ್ತೇನೋ ಅಂತ ತಂಗಿ ತಡೆದಳು. ಹೋಗಲ್ಲ. ಎರಡನ್ನೂ ತೆಗೆದೆ.

ಹಂತ 3: ರಿಜಿಸ್ಟ್ರಿ. ಒಂದು ವೇಸ್ಟ್, ಒಂದು ಚೆನ್ನಾಗಿದೆ

ಆ್ಯಪ್ ಮತ್ತೆ ಬರದಿರಲಿ ಅಂತ ಬೀಗ ಹಾಕಲು ಹೊರಟೆ. ಹೋಮ್ ಆವೃತ್ತಿಯಲ್ಲಿ ಇಂಥ ಬೀಗ ಹಾಕುವ ಗ್ರೂಪ್ ಪಾಲಿಸಿ ಎಡಿಟರ್ ಇಲ್ಲ, ಹಾಗಾಗಿ ನೇರವಾಗಿ ರಿಜಿಸ್ಟ್ರಿ. ಎಲ್ಲ ಕಡೆ ಹೇಳುವ ಕೀಲಿ (ರಿಜಿಸ್ಟ್ರಿಯ ನಮೂದು) ಒಂದೇ: ಕರೆಂಟ್ ಯೂಸರ್ > ಸಾಫ್ಟ್‌ವೇರ್ > ಪಾಲಿಸೀಸ್ > ಮೈಕ್ರೋಸಾಫ್ಟ್ > ವಿಂಡೋಸ್ ಒಳಗೆ 'ವಿಂಡೋಸ್‌ಕೋಪೈಲಟ್' ಅಂತ ಫೋಲ್ಡರ್ ಮಾಡಿ, ಅದರಲ್ಲಿ 'ಟರ್ನ್‌ಆಫ್‌ವಿಂಡೋಸ್‌ಕೋಪೈಲಟ್' ಅನ್ನೋ ಡಿವರ್ಡ್‌ಗೆ (ಸಂಖ್ಯೆ ಇಡುವ ನಮೂದು) 1 ಕೊಡುವುದು. ಕೊಟ್ಟೆ. ಪರೀಕ್ಷೆಗೆ ಕೋಪೈಲಟ್ ಆ್ಯಪ್‌ನ ಮತ್ತೆ ಹಾಕಿ ತೆರೆದೆ. ಏನೂ ಆಗೇ ಇಲ್ಲ ಅನ್ನೋ ಹಾಗೆ ತೆರೆದುಕೊಂಡಿತು.

ಕಾರಣ ಸರಳ. 2023ರ ಸೆಪ್ಟೆಂಬರ್‌ನಲ್ಲಿ ಕೋಪೈಲಟ್ ಮೊದಲು ಬಂದಾಗ ಅದು ವಿಂಡೋಸ್‌ನ ಭಾಗವಾಗಿದ್ದ ಬಲಬದಿಯ ಪಟ್ಟಿ. ಈ ಕೀಲಿ ಅದಕ್ಕೆ ಮಾಡಿದ್ದು. ಈಗಿನದು ಮಾಮೂಲಿ ಆ್ಯಪ್, ಅದಕ್ಕೆ ಈ ಕೀಲಿ ತಟ್ಟೋದಿಲ್ಲ. ಹಳೆ ಬರಹಗಳನ್ನು ನೋಡಿಕೊಂಡು ಇದೇ ಕೀಲಿ ಹಾಕಿ 'ಆಫ್ ಮಾಡಿದೆ' ಅಂದುಕೊಂಡವರು ಒಮ್ಮೆ ಪರೀಕ್ಷೆ ಮಾಡಿ ನೋಡಿ.

ಕೆಲಸಕ್ಕೆ ಬಂದಿದ್ದು ಇನ್ನೊಂದು. ಅದೇ 'ವಿಂಡೋಸ್' ಫೋಲ್ಡರ್ ಒಳಗೆ 'ಎಕ್ಸ್‌ಪ್ಲೋರರ್' ಅಂತ ಫೋಲ್ಡರ್ ಮಾಡಿ, 'ಡಿಸೇಬಲ್‌ಸರ್ಚ್‌ಬಾಕ್ಸ್‌ಸಜೆಷನ್ಸ್' ಅನ್ನೋ ಡಿವರ್ಡ್‌ಗೆ 1. ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ರೀಸ್ಟಾರ್ಟ್. ಈಗ ಸ್ಟಾರ್ಟ್‌ನಲ್ಲಿ ಟೈಪ್ ಮಾಡಿದರೆ ಕಂಪ್ಯೂಟರಿನೊಳಗಿನ ಫೈಲು, ಪ್ರೋಗ್ರಾಂ ಮಾತ್ರ ಬರುತ್ತವೆ. ಇಂಟರ್ನೆಟ್ಟಿನ ಸಲಹೆ ಇಲ್ಲ. ಇದು ಕಟ್ಟುನಿಟ್ಟಾಗಿ ನೋಡಿದರೆ ಎಐ ಅಲ್ಲ. ಆದರೆ ಇಡೀ ಕೆಲಸದಲ್ಲಿ ಅಪ್ಪ ತಾವಾಗಿಯೇ ಗಮನಿಸಿ 'ಈಗ ಬೇಗ ಬರ್ತಿದೆ ಕಣೋ' ಅಂದಿದ್ದು ಇದೊಂದಕ್ಕೇ.

ಹಂತ 4: ವರ್ಡ್

ಈ ಕೆಲಸ ಶುರುವಾಗಿದ್ದೇ ಇದರಿಂದ. ಅಪ್ಪ ಬಡಾವಣೆ ಸಂಘದ ಪತ್ರಗಳನ್ನು ಬರೆಯುತ್ತಾರೆ. ನೀರಿನ ಪೈಪು, ಬೀದಿದೀಪ, ರಸ್ತೆ ಗುಂಡಿ. ಖಾಲಿ ಸಾಲಿಗೆ ಬಂದಾಗೆಲ್ಲ ಎಡಗಡೆ ಅಂಚಿನಲ್ಲಿ ಕೋಪೈಲಟ್‌ನ ಪುಟ್ಟ ಬಣ್ಣದ ಗುರುತು ಮೂಡುತ್ತೆ. ಅಪ್ಪ ಅದನ್ನು ತಪ್ಪಿ ಕ್ಲಿಕ್ ಮಾಡುತ್ತಾರೆ. 'ಏನು ಬರೆಯಬೇಕು ಹೇಳಿ' ಅಂತ ಪೆಟ್ಟಿಗೆ ತೆರೆಯುತ್ತೆ. ಅಪ್ಪ ಅದೇ ಪತ್ರ ಅಂದುಕೊಂಡು ಅದರೊಳಗೇ 'ಮಾನ್ಯರೇ' ಅಂತ ಶುರು ಮಾಡಿಬಿಡುತ್ತಾರೆ.

ಮೊದಲು ಹಿಡಿದ ದಾರಿ: ಫೈಲ್ > ಅಕೌಂಟ್ > ಅಕೌಂಟ್ ಪ್ರೈವಸಿ > ಮ್ಯಾನೇಜ್ ಸೆಟ್ಟಿಂಗ್ಸ್. ಅಲ್ಲಿ 'ನಿಮ್ಮ ಬರಹವನ್ನು ವಿಶ್ಲೇಷಿಸುವ ಸೌಲಭ್ಯಗಳು' ಅನ್ನೋ ಅರ್ಥದ ಒಂದು ಟಿಕ್ ಇದೆ. ಅದನ್ನು ತೆಗೆದರೆ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಎಲ್ಲದರಲ್ಲೂ ಕೋಪೈಲಟ್ ಒಟ್ಟಿಗೆ ನಿಲ್ಲುತ್ತೆ. ಒಳ್ಳೇದಾಯ್ತು ಅಂದುಕೊಂಡೆ. ಆದರೆ ಈ ಟಿಕ್ ಕೋಪೈಲಟ್‌ಗಿಂತ ಹಳೆಯದು, ಅದರ ಹಿಡಿತ ಜಾಸ್ತಿ. ರಿವ್ಯೂ ಮೆನುವಿನ ಟ್ರಾನ್ಸ್‌ಲೇಟ್ ನಿಂತಿತು. ಡಿಕ್ಟೇಟ್ ನಿಂತಿತು. ಅಪ್ಪನಿಗೆ ಇಂಗ್ಲಿಷ್ ನೋಟಿಸ್ ಬಂದಾಗ ಅದನ್ನು ಕನ್ನಡದಲ್ಲಿ ಒಮ್ಮೆ ನೋಡಲು ಆ ಟ್ರಾನ್ಸ್‌ಲೇಟ್ ಬೇಕು. ಟಿಕ್ ವಾಪಸ್ ಹಾಕಿದೆ.

ಸರಿಯಾದ ದಾರಿ: ಫೈಲ್ > ಆಪ್ಷನ್ಸ್ > ಕೋಪೈಲಟ್, ಅಲ್ಲಿ 'ಎನೇಬಲ್ ಕೋಪೈಲಟ್' ಟಿಕ್ ತೆಗೆದು ಓಕೆ, ವರ್ಡ್ ಮುಚ್ಚಿ ಮತ್ತೆ ತೆರೆಯುವುದು. ಅಂಚಿನ ಗುರುತು ಹೋಯಿತು, ಟ್ರಾನ್ಸ್‌ಲೇಟ್ ಉಳಿಯಿತು. ಆಪ್ಷನ್ಸ್ ಒಳಗೆ ಕೋಪೈಲಟ್ ಅಂತ ಸಾಲೇ ಕಾಣದಿದ್ದರೆ ಆಫೀಸ್ ಹಳೆಯದಾಗಿದೆ ಅಂತ, ಮೊದಲು ಅಪ್‌ಡೇಟ್ ಮಾಡಿ. ಎಕ್ಸೆಲ್‌ಗೆ ಬೇರೆ, ಪವರ್‌ಪಾಯಿಂಟ್‌ಗೆ ಬೇರೆ. ಪ್ರತಿ ಕಂಪ್ಯೂಟರಿಗೂ ಬೇರೆ.

ದುಡ್ಡಿನ ವಿಷಯ. ವರ್ಡ್, ಎಕ್ಸೆಲ್‌ಗೆ ಚಂದಾ ಕಟ್ಟುವ ಮೈಕ್ರೋಸಾಫ್ಟ್ 365ರ ಪರ್ಸನಲ್ ಮತ್ತು ಫ್ಯಾಮಿಲಿ ಪ್ಲಾನ್‌ಗಳಿಗೆ 2025ರ ಜನವರಿಯಲ್ಲಿ ಕೋಪೈಲಟ್ ಸೇರಿಸಿ ಬೆಲೆ ಏರಿಸಿದರು. ಆಗಲೇ ಚಂದಾದಾರರಾಗಿದ್ದವರಿಗೆ ಕೋಪೈಲಟ್ ಇಲ್ಲದ 'ಕ್ಲಾಸಿಕ್' ಪ್ಲಾನ್ ಒಂದಿತ್ತು, ಅದು ಕಣ್ಣಿಗೆ ಬೀಳುತ್ತಿದ್ದದ್ದು ಚಂದಾ ರದ್ದು ಮಾಡಲು ಹೋದಾಗ. ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಇದೇ ವಿಷಯಕ್ಕೆ 2025ರ ಅಕ್ಟೋಬರ್‌ನಲ್ಲಿ ಕೋರ್ಟಿಗೆ ಹೋಯಿತು. ನಿಮ್ಮದು ನವೀಕರಣಕ್ಕೆ ಬಂದಿದ್ದರೆ ರದ್ದು ಮಾಡುವ ಪುಟದವರೆಗೆ ಹೋಗಿ, ಏನು ತೋರಿಸುತ್ತೆ ಅಂತ ನೋಡಿ ವಾಪಸ್ ಬನ್ನಿ. ನೋಡೋದಕ್ಕೆ ಖರ್ಚಿಲ್ಲ. ಲಿಬ್ರೆ ಆಫೀಸ್ ಕೂಡ ಹಾಕಿ ತೋರಿಸಿದೆ. ಪೂರ್ತಿ ಉಚಿತ, ಅಪ್ಪನ ಯುನಿಕೋಡ್ ಪತ್ರಗಳು ಚೆನ್ನಾಗಿಯೇ ತೆರೆದವು. 'ಮೆನು ಎಲ್ಲಾ ಬೇರೆ ಕಡೆ ಇದೆ' ಅಂತ ಅಪ್ಪ ಒಪ್ಪಲಿಲ್ಲ.

ಇನ್ನೊಂದು ತಮಾಷೆ. ಸ್ವಿಚ್ ಆಫ್ ಮಾಡುವ ಮೊದಲು ಅಪ್ಪನ ಹದಿನೈದು ವರ್ಷ ಹಳೆಯ ಒಂದು ಪತ್ರ ತೆರೆದು ಕೋಪೈಲಟ್‌ಗೆ ಸಾರಾಂಶ ಕೇಳಿದೆ. ಅದು ನುಡಿ ತಂತ್ರಾಂಶದ ಹಳೆ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿದ್ದು. ನಮ್ಮ ಕಣ್ಣಿಗೆ ಚಂದದ ಕನ್ನಡ, ಫೈಲಿನೊಳಗೆ ಇರೋದು ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಫಾಂಟ್ ಬದಲಾಯಿಸಿ ನೋಡಿದರೆ ಗೊತ್ತಾಗುತ್ತೆ. ಕೋಪೈಲಟ್‌ಗೆ ತಲೆಬುಡ ತಿಳಿಯಲಿಲ್ಲ. ಅಪ್ಪನಿಗೆ ಅವತ್ತು ತುಂಬಾ ಖುಷಿ.

ಹಂತ 5: ಸಣ್ಣಪುಟ್ಟವು

ನೋಟ್‌ಪ್ಯಾಡ್: ಬಲ ಮೇಲ್ತುದಿಯ ಗೇರ್ ಗುರುತು, ಕೆಳಗೆ ಎಐ ಫೀಚರ್ಸ್, ಕೋಪೈಲಟ್ ಆಫ್. ಎಡ್ಜ್: ಸೆಟ್ಟಿಂಗ್ಸ್ > ಅಪಿಯರೆನ್ಸ್ ಒಳಗೆ ಕೋಪೈಲಟ್ ಮತ್ತು ಸೈಡ್‌ಬಾರ್, ಬಟನ್ ತೋರಿಸೋದನ್ನು ಆಫ್. ಅಲ್ಲೇ ಸಿಸ್ಟಂ ಭಾಗದಲ್ಲಿ 'ಸ್ಟಾರ್ಟಪ್ ಬೂಸ್ಟ್' (ಬೇಗ ತೆರೆಯಲಿ ಅಂತ ಎಡ್ಜ್ ಅನ್ನು ಮೊದಲೇ ಹಿಂದೆ ಓಡಿಸಿಡೋದು) ಕೂಡ ಆಫ್ ಮಾಡಿ, ನೀವು ಎಡ್ಜ್ ಬಳಸದಿದ್ದರೆ ಅದು ಸುಮ್ನೆ ಮೆಮೊರಿ ತಿನ್ನುತ್ತೆ. ಫೈರ್‌ಫಾಕ್ಸ್ ಇದ್ದವರಿಗೆ ಕೆಲಸ ಕಡಿಮೆ. 2026ರ ಫೆಬ್ರವರಿಯ 148ನೇ ಆವೃತ್ತಿಯಿಂದ ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಎಐ ಸೌಲಭ್ಯಗಳನ್ನು ಒಟ್ಟಿಗೆ ತಡೆಯುವ ಒಂದು ಸ್ವಿಚ್ ಇದೆ. ಉಳಿದವರು ಇದನ್ನು ನೋಡಿ ಕಲಿಯಬಹುದಿತ್ತು. ಪೇಂಟ್ ನಮ್ಮಲ್ಲಿ ಯಾರೂ ತೆರೆಯೋದೇ ಇಲ್ಲ, ಬಿಟ್ಟೆ.

ಹಂತ 6: ಕ್ರೋಮ್, 4 ಜಿಬಿ

ಇದು ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಸಿಕ್ಕಿದ್ದು. ಡಿಸ್ಕ್ ಯಾವುದಕ್ಕೆ ಖರ್ಚಾಗಿದೆ ಅಂತ ವಿಜ್‌ಟ್ರೀ ಅನ್ನೋ ಉಚಿತ ಟೂಲ್ ಓಡಿಸಿ ನೋಡುತ್ತಿದ್ದೆ. ಕ್ರೋಮ್‌ನ 'ಯೂಸರ್ ಡೇಟಾ' ಒಳಗೆ 'ಆಪ್ಟ್‌ಗೈಡ್‌ಆನ್‌ಡಿವೈಸ್‌ಮಾಡೆಲ್' ಅಂತ ಫೋಲ್ಡರ್, ಅದರೊಳಗೆ 'ವೇಟ್ಸ್' ಹೆಸರಿನ ಒಂದೇ ಫೈಲು ಹತ್ತಿರ ಹತ್ತಿರ 4 ಜಿಬಿ. ಇದು ಜೆಮಿನಿ ನ್ಯಾನೋ. ಕಂಪ್ಯೂಟರಿನಲ್ಲೇ ಓಡುವ ಗೂಗಲ್‌ನ ಸಣ್ಣ ಮಾಡೆಲ್. ಯಂತ್ರಕ್ಕೆ ತಾಕತ್ತು ಇದ್ದು, ಡಿಸ್ಕ್‌ನಲ್ಲಿ ಕನಿಷ್ಠ 22 ಜಿಬಿ ಖಾಲಿ ಇದ್ದರೆ ಮಾತ್ರ ಇಳಿಯುತ್ತೆ. ಆಮೇಲೆ ಖಾಲಿ ಜಾಗ 10 ಜಿಬಿಗಿಂತ ಕಡಿಮೆಯಾದರೆ ಕ್ರೋಮ್ ತಾನೇ ಅಳಿಸುತ್ತೆ. ಅಪ್ಪನ ಐ3ಯಲ್ಲಿ ಈ ಫೋಲ್ಡರ್ ಇರಲೇ ಇಲ್ಲ. ಬಡ ಯಂತ್ರಕ್ಕೂ ಒಂದು ಲಾಭ ಇದೆ ನೋಡಿ.

ಒಂದು ಮಾತು ಮಾತ್ರ ಹೇಳಬೇಕು. ಕಂಪ್ಯೂಟರಿನಲ್ಲೇ ಓಡುವ ಮಾಡೆಲ್ ಅಂದರೆ ಬರಹ ಹೊರಗೆ ಹೋಗದೆ ಕೆಲಸ ಆಗುತ್ತೆ, ಗುಟ್ಟಿನ ಲೆಕ್ಕದಲ್ಲಿ ನೋಡಿದರೆ ಇದೇ ವಾಸಿ. ಆದರೂ ತಂಗಿ ಅದನ್ನು ಬಳಸೋದಿಲ್ಲ, ಅವಳಿಗೆ ಜಾಗ ಬೇಕು. ತೆಗೆಯೋಣ ಅಂತ ತೀರ್ಮಾನ ಆಯಿತು.

ಫೋಲ್ಡರ್ ಡಿಲೀಟ್ ಮಾಡಿದೆ. ಕೆಲವು ದಿನ ಬಿಟ್ಟು ನೋಡಿದರೆ ಮತ್ತೆ ಅದೇ 4 ಜಿಬಿ. ಖಾಲಿ ಫೋಲ್ಡರ್ ಕಂಡರೆ ಮತ್ತೆ ಇಳಿಸಿಕೊಳ್ಳೋದು ಅದರ ಕೆಲಸ, ಡಿಲೀಟ್ ಮಾಡೋದು ಪರಿಹಾರ ಅಲ್ಲ.

ನಿಂತಿದ್ದು ಪಾಲಿಸಿಯಿಂದ, ಅಂದರೆ ರಿಜಿಸ್ಟ್ರಿಯಲ್ಲಿ ಬರೆದಿಡುವ ಕಟ್ಟಳೆಯಿಂದ. ಲೋಕಲ್ ಮೆಷಿನ್ > ಸಾಫ್ಟ್‌ವೇರ್ > ಪಾಲಿಸೀಸ್ > ಗೂಗಲ್ > ಕ್ರೋಮ್ ಅಂತ ರಿಜಿಸ್ಟ್ರಿಯಲ್ಲಿ ಫೋಲ್ಡರ್‌ಗಳನ್ನು ಮಾಡಿ, 'ಜೆನ್‌ಎಐ‌ಲೋಕಲ್‌ಫೌಂಡೇಷನಲ್‌ಮಾಡೆಲ್‌ಸೆಟ್ಟಿಂಗ್ಸ್' ಅನ್ನೋ ಡಿವರ್ಡ್‌ಗೆ 1. ಇಲ್ಲಿ 1 ಅಂದರೆ 'ಬೇಡ', 0 ಅಂದರೆ 'ಇಳಿಸಿಕೋ'. ಉಲ್ಟಾ ಇದೆ, ಗಮನಿಸಿ. ಆಮೇಲೆ ಕ್ರೋಮ್‌ನ ಪಾಲಿಸಿ ಪುಟ ತೆರೆದು 'ರೀಲೋಡ್ ಪಾಲಿಸೀಸ್' ಒತ್ತಿದರೆ ಆ ಹೆಸರು ಪಟ್ಟಿಯಲ್ಲಿ ಕಾಣಬೇಕು. ಕಾಣದಿದ್ದರೆ ಸ್ಪೆಲ್ಲಿಂಗ್ ತಪ್ಪಿದೆ. ಇಷ್ಟಾದ ಮೇಲೆ ಫೋಲ್ಡರ್ ಅಳಿಸಿದೆ. ಅದು ಮತ್ತೆ ಬಂದಿಲ್ಲ.

ಒಂದು ಅಡ್ಡಪರಿಣಾಮ: ಪಾಲಿಸಿ ಹಾಕಿದ ಕ್ರೋಮ್ ಮೆನುವಿನ ಕೆಳಗೆ 'ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ' ಅನ್ನೋ ಅರ್ಥದ ಸಾಲು ಬರುತ್ತೆ. ತಂಗಿ ಅದನ್ನು ನೋಡಿ 'ಆಫೀಸಿನವರು ನನ್ನ ಲ್ಯಾಪ್‌ಟಾಪ್ ನೋಡ್ತಿದ್ದಾರಾ?' ಅಂತ ಗಾಬರಿಯಿಂದ ಫೋನ್ ಮಾಡಿದಳು. ಮೊದಲೇ ಹೇಳಿಡಿ.

ಹಂತ 7: ಗೂಗಲ್ ಸರ್ಚ್

ಹುಡುಕಿದ ತಕ್ಷಣ ಮೇಲೆ ಬರುವ ಎಐ ಸಾರಾಂಶ ಭಾರತಕ್ಕೆ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಇದನ್ನು ಪೂರ್ತಿ ಆಫ್ ಮಾಡುವ ಸ್ವಿಚ್ ಸೆಟ್ಟಿಂಗ್ಸ್‌ನಲ್ಲಿ ಇಲ್ಲ. ಆದರೆ ಫಲಿತಾಂಶದ ಮೇಲಿನ ಸಾಲಿನಲ್ಲಿ 'ವೆಬ್' ಅಂತ ಒಂದು ಟ್ಯಾಬ್ ಇದೆ, ಅದನ್ನು ಒತ್ತಿದರೆ ಬರೀ ಲಿಂಕುಗಳು. ಆಗ ವಿಳಾಸದಲ್ಲಿ 'ಯುಡಿಎಂ=14' ಅಂತ ಸೇರಿಕೊಳ್ಳುತ್ತೆ. ಕ್ರೋಮ್‌ನ ಸೆಟ್ಟಿಂಗ್ಸ್ > ಸರ್ಚ್ ಎಂಜಿನ್ ಒಳಗೆ ಹೊಸ ಎಂಜಿನ್ ಸೇರಿಸಿ, ಗೂಗಲ್‌ನ ಸರ್ಚ್ ವಿಳಾಸದಲ್ಲಿ ಈ ತುಂಡು ಇಟ್ಟು, ಅದನ್ನೇ ಡೀಫಾಲ್ಟ್ ಮಾಡಿದೆ.

ಸಂಜೆ ಅಪ್ಪ 'ಸ್ಕೋರ್ ಬರ್ತಾನೇ ಇಲ್ಲ' ಅಂದರು. 'ವೆಬ್' ಟ್ಯಾಬ್‌ನಲ್ಲಿ ಎಐ ಸಾರಾಂಶದ ಜೊತೆ ಸ್ಕೋರು, ಹವಾಮಾನ, ಕ್ಯಾಲ್ಕುಲೇಟರ್ ಪೆಟ್ಟಿಗೆಗಳೂ ಹೋಗುತ್ತವೆ. ಕ್ರಿಕೆಟ್ ಸೀಸನ್‌ನಲ್ಲಿ ಇದು ನಡೆಯುವ ಮಾತಲ್ಲ. ಹಾಗಾಗಿ ಅಪ್ಪನ ಯಂತ್ರದಲ್ಲಿ ಮಾಮೂಲಿ ಗೂಗಲ್ಲೇ ಡೀಫಾಲ್ಟ್, ತಂಗಿಯದರಲ್ಲಿ ಯುಡಿಎಂ. ಅವಳಿಗೆ ಸೆಕ್ಷನ್ ನಂಬರ್ ಹುಡುಕುವಾಗ ಸಾರಾಂಶ ಬೇಡ, ಮೂಲ ಪುಟ ಬೇಕು.

ಹಂತ 8: ಜಿಮೇಲ್. ಮಾಡಿ, ವಾಪಸ್ ತಗೊಂಡೆ

2025ರ ನವೆಂಬರ್‌ನಲ್ಲಿ 'ನಿಮ್ಮ ಮೇಲ್ ಎಲ್ಲಾ ಓದಿ ಜೆಮಿನಿಗೆ ಕಲಿಸ್ತಿದ್ದಾರೆ, ತಕ್ಷಣ ಆಫ್ ಮಾಡಿ' ಅನ್ನೋ ಸುದ್ದಿ ಎಲ್ಲ ಕಡೆ ಓಡಾಡಿತ್ತು. ಜೆಮಿನಿಗೆ ಕಲಿಸಲು ಜಿಮೇಲ್ ಬರಹ ಬಳಸುವುದಿಲ್ಲ ಅಂತ ಗೂಗಲ್ ಆಗಲೇ ಸ್ಪಷ್ಟನೆ ಕೊಟ್ಟಿತು. ಸ್ಪಷ್ಟನೆಯನ್ನು ಯಾರೂ ಫಾರ್ವರ್ಡ್ ಮಾಡಲ್ಲ ಅಲ್ವಾ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಆ ಹಳೇ ಮೆಸೇಜ್ ಇನ್ನೂ ಬರುತ್ತಲೇ ಇದೆ. ಅಮ್ಮನ ಒತ್ತಾಯಕ್ಕೆ ಜಿಮೇಲ್ ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ 'ಸ್ಮಾರ್ಟ್ ಫೀಚರ್ಸ್' ಆಫ್ ಮಾಡಿದೆ. ಸಾರಾಂಶ, ಬರೆದುಕೊಡುವ ಬಟನ್ ಎಲ್ಲ ಹೋದವು. ಜೊತೆಗೆ ಪ್ರಮೋಷನ್ಸ್, ಸೋಷಿಯಲ್ ಟ್ಯಾಬ್‌ಗಳೂ ಹೋದವು. ಸೀರೆ ಅಂಗಡಿಯ ಆಫರ್, ಸೈಟು ಮಾರುವವರ ಮೇಲ್, ಕರೆಂಟ್ ಬಿಲ್ಲು, ಆಸ್ಪತ್ರೆಯ ರಿಪೋರ್ಟು ಎಲ್ಲ ಒಂದೇ ಪಟ್ಟಿಯಲ್ಲಿ. ಅಮ್ಮನೇ ಆನ್ ಮಾಡು ಅಂದರು. ಮೇಲ್ ವಿಂಗಡಿಸೋದು ಕೂಡ ಒಂಥರಾ ಎಐ ಅಂತ ಹೇಳಿದ್ದಕ್ಕೆ 'ಅದು ಇರಲಿ' ಅಂದರು.

ಹಂತ 9: ರೀಕಾಲ್

ತಂಗಿಯ ಲ್ಯಾಪ್‌ಟಾಪ್‌ಗೆ ಮಾತ್ರ. ಪರದೆಯ ಚಿತ್ರಗಳನ್ನು ಆಗಾಗ ತೆಗೆದಿಟ್ಟುಕೊಂಡು ಆಮೇಲೆ ಹುಡುಕಲು ಕೊಡುವ ಸೌಲಭ್ಯ ಇದು. 2024ರ ಮೇನಲ್ಲಿ ಘೋಷಿಸಿದರು, ಟೀಕೆ ಜಾಸ್ತಿಯಾಗಿ ಮುಂದಕ್ಕೆ ಹಾಕಿದರು, 2025ರ ಏಪ್ರಿಲ್‌ನಲ್ಲಿ ಬಂತು. ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ ಎನ್‌ಪಿಯು (ಎಐ ಕೆಲಸಕ್ಕೆಂದೇ ಮಾಡಿದ) ಚಿಪ್ ಇರುವ ಯಂತ್ರಗಳಿಗಷ್ಟೇ, ಅಂದರೆ ಮಾಮೂಲಿ ಪಿಸಿಯವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾವಾಗಿ ಒಪ್ಪಿದರೆ ಮಾತ್ರ ಆನ್ ಆಗುತ್ತೆ. ತಂಗಿ ಒಪ್ಪಿರಲಿಲ್ಲ. ಆದರೂ ಅವಳ ಪರದೆ ಮೇಲೆ ಬೇರೆಯವರ ಲೆಕ್ಕಪತ್ರ ಇರುತ್ತೆ, ನಾಳೆ ಯಾವುದೋ ಪೆಟ್ಟಿಗೆಗೆ ಅವಸರದಲ್ಲಿ 'ಯೆಸ್' ಒತ್ತಿಬಿಟ್ಟರೆ ಕಷ್ಟ. 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ತೆರೆದು ರೀಕಾಲ್ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿದೆ. ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ 'ಕ್ಲಿಕ್ ಟು ಡು' (ಪರದೆ ಮೇಲಿನ ಬರಹ, ಚಿತ್ರ ಆರಿಸಿ ಎಐಗೆ ಕೆಲಸ ಕೊಡುವ ಸೌಲಭ್ಯ) ಕೂಡ ಆಫ್.

ಮತ್ತೆ ಅಳತೆ

ಅಪ್ಪನ ಯಂತ್ರ: ಮೆಮೊರಿ ಬಳಕೆ 5.2 ಇದ್ದದ್ದು 4.3 ಜಿಬಿ. ಇದನ್ನು ಎಐ ತೆಗೆದ ಫಲ ಅಂತ ಹೇಳಿದರೆ ಸುಳ್ಳಾಗುತ್ತೆ. ಜಾಸ್ತಿ ಉಳಿದಿದ್ದು ಎಡ್ಜ್‌ನ ಸ್ಟಾರ್ಟಪ್ ಬೂಸ್ಟ್ ಮತ್ತು ಪ್ರಿಂಟರ್ ಜೊತೆ ಬಂದಿದ್ದ ಒಂದು ಪ್ರೋಗ್ರಾಂನಿಂದ. ಕೋಪೈಲಟ್ ಆ್ಯಪ್ ತೆರೆಯದೆ ಇದ್ದರೆ ತಿನ್ನುತ್ತಿದ್ದದ್ದು ಅಷ್ಟಕ್ಕಷ್ಟೇ. ತಂಗಿಯದರಲ್ಲಿ ಡಿಸ್ಕ್ 4 ಜಿಬಿ ಉಳಿಯಿತು.

ದೊಡ್ಡ ವಿಂಡೋಸ್ ಅಪ್‌ಡೇಟ್ ಬಂದಾಗೆಲ್ಲ ಆ ನಾಲ್ಕು ಕಾಲಂ ಹಾಳೆ ಹಿಡಿದು ಒಂದು ಸುತ್ತು ನೋಡಬೇಕು. ಉಲ್ಟಾ ಆಗಿದ್ದೂ ಇದೆ: 2025ರ ಮಾರ್ಚ್‌ನ ಅಪ್‌ಡೇಟ್‌ನಲ್ಲಿ ಒಂದು ದೋಷದಿಂದ ಕೆಲವರ ಕಂಪ್ಯೂಟರಿನಿಂದ ಕೋಪೈಲಟ್ ತಾನಾಗಿಯೇ ಅನ್‌ಇನ್‌ಸ್ಟಾಲ್ ಆಗಿಬಿಟ್ಟಿತ್ತು. ಆಮೇಲೆ ಅದನ್ನು 'ಸರಿಪಡಿಸಿದರು'.

ವಾಟ್ಸಾಪ್‌ನ ಮೆಟಾ ಎಐ ಬಗ್ಗೆ ಅಮ್ಮ ಕೇಳಿದರು. ಅದಕ್ಕೆ ಪೂರ್ತಿ ಆಫ್ ಮಾಡುವ ಸ್ವಿಚ್ ಇಲ್ಲ. ಚಾಟ್ ಡಿಲೀಟ್ ಮಾಡಿಕೊಟ್ಟೆ.

ಹಂತ 10: ಕೋಪೈಲಟ್ ಕೀ. ಇನ್ನೂ ಮುಗಿದಿಲ್ಲ

ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಬಲಗಡೆ ಕಂಟ್ರೋಲ್ ಇರಬೇಕಾದ ಜಾಗದಲ್ಲಿ ಕೋಪೈಲಟ್ ಕೀ ಇದೆ. ಎಕ್ಸೆಲ್‌ನಲ್ಲಿ ಬಲ ಕಂಟ್ರೋಲ್ ಮೇಲೆ ಹೆಬ್ಬೆರಳಿಟ್ಟು, ಅದೇ ಕೈಯ ಮಧ್ಯದ ಬೆರಳಿನಿಂದ ಕೆಳ ಬಾಣ ಒತ್ತಿದರೆ ಕಾಲಂನ ಕೊನೆಗೆ ಹೋಗಬಹುದು. ಎಡಗೈ ವೋಚರ್ ಮೇಲೆ ಇರುತ್ತೆ. ಸಾವಿರಾರು ಸಾಲಿನ ಲೆಡ್ಜರ್ ನೋಡುವವರಿಗೆ ಇದು ಉಸಿರಾಡಿದಷ್ಟು ಅಭ್ಯಾಸ.

ಮೊದಲು ವಿಂಡೋಸ್‌ನದೇ ದಾರಿ: ಸೆಟ್ಟಿಂಗ್ಸ್ > ಪರ್ಸನಲೈಸೇಷನ್ > ಟೆಕ್ಸ್ಟ್ ಇನ್‌ಪುಟ್. ಅಲ್ಲಿ ಆ ಕೀಗೆ ಸರ್ಚ್ ಅಥವಾ ಬೇರೆ ಆ್ಯಪ್ ಕೊಡಬಹುದು. ಕಂಟ್ರೋಲ್ ಕೊಡುವ ಆಯ್ಕೆ ಇಲ್ಲ. ಆ್ಯಪ್ ಅಂದರೂ ಹೊಸ ಎಂಎಸ್‌ಐಎಕ್ಸ್ ನಮೂನೆಯಲ್ಲಿ ಪ್ಯಾಕ್ ಆಗಿ, ಡಿಜಿಟಲ್ ಸಹಿ ಆದದ್ದೇ ಆಗಬೇಕು. ಹಳೆ ಇನ್‌ಸ್ಟಾಲರ್‌ನಿಂದ ಹಾಕಿದ ಪ್ರೋಗ್ರಾಂಗಳು ಆ ಪಟ್ಟಿಯಲ್ಲಿ ಬರಲ್ಲ. ಬಯೋಸ್‌ನಲ್ಲೂ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್) ನೋಡಿದೆ, ಈ ಮಾಡೆಲ್‌ನಲ್ಲಿ ಅಂಥ ಆಯ್ಕೆ ಇಲ್ಲ.

ಎರಡನೆಯದು ಪವರ್‌ಟಾಯ್ಸ್, ಮೈಕ್ರೋಸಾಫ್ಟ್‌ನದೇ ಸಣ್ಣ ಟೂಲ್‌ಗಳ ಕಟ್ಟು. ಉಚಿತ. ಅದರ ಕೀಬೋರ್ಡ್ ಮ್ಯಾನೇಜರ್‌ನಲ್ಲಿ ಒಂಟಿ ಕೀ ಬದಲಾಯಿಸುವ ಕಡೆ ಕೋಪೈಲಟ್ ಕೀ ಹುಡುಕಿದರೆ ಸಿಗಲ್ಲ. ಯಾಕೆಂದರೆ ಅದು ಒಂದು ಕೀ ಅಲ್ಲವೇ ಅಲ್ಲ. ಒತ್ತಿದಾಗ ಎಡ ವಿಂಡೋಸ್, ಎಡ ಶಿಫ್ಟ್, ಎಫ್23 ಮೂರನ್ನೂ ಒಟ್ಟಿಗೆ ಕಳಿಸುತ್ತೆ. ಹಾಗಾಗಿ 'ರೀಮ್ಯಾಪ್ ಎ ಶಾರ್ಟ್‌ಕಟ್' ಕಡೆ ಹೋಗಿ, ರೆಕಾರ್ಡ್ ಒತ್ತಿ, ಕೋಪೈಲಟ್ ಕೀ ಒತ್ತಿ, ಎದುರಿಗೆ ಬಲ ಕಂಟ್ರೋಲ್ ಕೊಟ್ಟೆ. ಕೋಪೈಲಟ್ ಕರೆಯೋದು ನಿಂತಿತು. ಕಂಟ್ರೋಲ್ ಮತ್ತು ಬಾಣ ಕೆಲಸ ಮಾಡಿತು.

ಆದರೆ ಕಂಟ್ರೋಲ್, ಶಿಫ್ಟ್, ಬಾಣ ಮೂರನ್ನೂ ಒತ್ತಿ ಸಾಲುಗಳನ್ನು ಆರಿಸುವುದು ಆಗುತ್ತಿಲ್ಲ. ಕೀ ತಾನೇ ಒಂದು ಶಿಫ್ಟ್ ಕಳಿಸುವುದರಿಂದ ನಮ್ಮ ಶಿಫ್ಟ್ ಅದರ ಜೊತೆ ಸಿಕ್ಕಿಕೊಳ್ಳುತ್ತೆ. ಒಮ್ಮೊಮ್ಮೆ ಆಯ್ಕೆ ಆಗುತ್ತೆ, ಒಮ್ಮೊಮ್ಮೆ ಬರೀ ಕೊನೆಗೆ ಹೋಗಿ ನಿಲ್ಲುತ್ತೆ. ಅಡ್ಮಿನ್ ಆಗಿ ತೆರೆದ ಪ್ರೋಗ್ರಾಂನಲ್ಲಿ ಪವರ್‌ಟಾಯ್ಸ್ ಕೂಡ ಅಡ್ಮಿನ್ ಆಗಿ ಓಡುತ್ತಿರದಿದ್ದರೆ ರೀಮ್ಯಾಪ್ ತಾಕುವುದೇ ಇಲ್ಲ. ಎಫ್8 ಒತ್ತಿ ಆಯ್ಕೆ ಶುರು ಮಾಡಿ, ಆಮೇಲೆ ಕಂಟ್ರೋಲ್ ಬಾಣ ಒತ್ತಿದರೆ ಶಿಫ್ಟ್ ಇಲ್ಲದೆಯೇ ಆಗುತ್ತೆ ಅಂತ ತೋರಿಸಿಕೊಟ್ಟಿದ್ದೇನೆ. ತಂಗಿ ಸದ್ಯಕ್ಕೆ ಹಾಗೇ ಮಾಡುತ್ತಿದ್ದಾಳೆ, ಗೊಣಗಿಕೊಂಡು. ಯಾರಾದರೂ ಈ ಕೀಯನ್ನು ಶಿಫ್ಟ್ ಜೊತೆ ಸರಿಯಾಗಿ ಓಡಿಸಿದ್ದರೆ ಯಾವ ಲ್ಯಾಪ್‌ಟಾಪ್, ಯಾವ ಟೂಲ್ ಅಂತ ತಿಳಿಸಿ.